ಯಾವ ವರ್ಷದ ಕ್ರಿಸ್‌ಮಸ್?

2000ನೇ ಇಸವಿ, ಜುಲೈ 18. ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಊರು ಮಾಂಟೆರೆ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುತ್ತಿದ್ದ ಸುಮಾರು ಇಪ್ಪತ್ತು ಜನ ಒಂದು ಕೋಣೆಯಲ್ಲಿ ಸೇರಿದ್ದರು. ಚರ್ಚೆಯ ವಿಷಯ ತೀರಾ ಸಪ್ಪೆ: ಭಾಷೆಯ ಉಸ್ತುವಾರಿಗೆ ನಿಯಮಾವಳಿ ಬೇಕೋ ಬೇಡವೋ, ಯಾರು ಯಾರಿಗೆ ಜವಾಬು ಹೇಳಬೇಕು, ಜಗಳ ಬಂದರೆ ತೀರ್ಮಾನ ಯಾರದು. ಯಾವುದಾದರೂ ಸಂಘದ ಸರ್ವಸದಸ್ಯರ ಸಭೆಗೆ ಹೋಗಿ ಬಂದವರಿಗೆ ಈ ಮಾತುಗಳ ಜಾಡು ಗೊತ್ತು. ಅಷ್ಟರಲ್ಲಿ ‘ಪರ್ಲ್ ಜರ್ನಲ್’ ಪತ್ರಿಕೆಯ ಸಂಪಾದಕ ಜಾನ್ ಆರ್ವಂಟ್ ಒಳಗೆ ಬಂದರು. ಕೆಲವು ನಿಮಿಷ ಸುಮ್ಮನೆ ನಿಂತು ಕೇಳಿಸಿಕೊಂಡರು. ಆಮೇಲೆ ಮೂಲೆಯಲ್ಲಿ ಕಾಫಿ ಇಟ್ಟಿದ್ದ ಮೇಜಿನ ಹತ್ತಿರ ಹೋಗಿ, ಒಂದು ಮಗ್ ಎತ್ತಿ ಎದುರಿನ ಗೋಡೆಗೆ ಬೀಸಿದರು. ಇನ್ನೊಂದು ಎತ್ತಿದರು, ಬೀಸಿದರು. ಮತ್ತೊಂದು. ಕೂಗಾಟವಿಲ್ಲ, ರೇಗಾಟವಿಲ್ಲ, ಬಹಳ ಸಮಾಧಾನದಿಂದಲೇ ಎಸೆದರಂತೆ.

ಆಗ ಅವರಾಡಿದ ಮಾತಿನಲ್ಲಿ ಅಚ್ಚು ಹಾಕಲಾಗದ ಪದವೊಂದಿತ್ತು. ಅದನ್ನು ಬಿಟ್ಟರೆ ತಾತ್ಪರ್ಯ ಇಷ್ಟು: ಜನಕ್ಕೆ ಬೇಸರ ಹತ್ತಿದೆ, ಒಬ್ಬೊಬ್ಬರಾಗಿ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಾರೆ, ಎಲ್ಲರಿಗೂ ಹುರುಪು ಬರುವಂಥದ್ದೇನಾದರೂ ಕೈಗೆತ್ತಿಕೊಳ್ಳದಿದ್ದರೆ ನಾವು ಮುಗಿದೆವು. ನಿಯಮಾವಳಿಯ ಮಾತು ಅಲ್ಲಿಗೆ ನಿಂತಿತು. ಮರುದಿನ ಭಾಷೆಯ ಜನಕ ಲ್ಯಾರಿ ವಾಲ್ ವೇದಿಕೆ ಹತ್ತಿ ಪರ್ಲ್ 6 ಘೋಷಿಸಿದರು. ಪರ್ಲ್ 5 ತಾನೊಬ್ಬನೇ ತಿದ್ದಿ ಬರೆದದ್ದು, ಆರನೆಯದನ್ನು ಸಮುದಾಯವೇ ಬರೆಯಲಿ ಎಂದರು.

ಒಂದೇ ರಾತ್ರಿಯಲ್ಲಿ ಮಾಡಿದ ಆ ಸಂಕಲ್ಪ ಕೈಗೂಡಿದ್ದು 2015ರ ಡಿಸೆಂಬರ್ 25ರಂದು. ಹದಿನೈದು ವರ್ಷ, ಐದು ತಿಂಗಳು, ಮೇಲೆ ಆರು ದಿನ.

ಓಪನ್ ಸೋರ್ಸ್ ಎಂದರೆ ಪುಕ್ಕಟೆ, ಪುಕ್ಕಟೆ ಎಂದರೆ ಖರ್ಚಿಲ್ಲದ್ದು ಎಂಬ ಭಾವನೆ ನಮ್ಮ ಸಾಫ್ಟ್‌ವೇರ್ ಮಂದಿಯಲ್ಲೂ ಇದೆ. ಈ ಹದಿನೈದು ವರ್ಷದ ಜಮಾ-ಖರ್ಚು ತೆಗೆದು ನೋಡಿದರೆ ಬೇರೆಯೇ ಕಾಣುತ್ತದೆ. ಇಂಥ ಕೆಲಸ ಶುರು ಮಾಡುವುದಕ್ಕೆ ದುಡ್ಡು ಬೇಕಿಲ್ಲ. ಮುಗಿಸುವುದಕ್ಕೆ ಬೇಕು. ಪರ್ಲ್‌ನವರಿಗೆ ಅದು ಬೇಕಾದ ಹೊತ್ತಿಗೆ ಸಿಗಲಿಲ್ಲ. ಸಿಕ್ಕಾಗ ಹೋದದ್ದು ಬೇರೆ ಕಡೆಗೆ.

ಲ್ಯಾರಿ ವಾಲ್ ಕಲಿತದ್ದು ಭಾಷಾವಿಜ್ಞಾನ. ಆಫ್ರಿಕಾಕ್ಕೆ ಹೋಗಿ, ಬರಹವಿಲ್ಲದ ಯಾವುದಾದರೂ ಭಾಷೆಗೆ ಲಿಪಿ ಮಾಡಿಕೊಟ್ಟು, ಬೈಬಲನ್ನು ಅದಕ್ಕೆ ತರಬೇಕೆಂದು ಗಂಡ ಹೆಂಡತಿ ಇಬ್ಬರೂ ಆಸೆಪಟ್ಟಿದ್ದರು. ಆರೋಗ್ಯ ಕೈಕೊಟ್ಟಿತು, ಪ್ರಯಾಣ ತಪ್ಪಿತು. ಕಿಟ್ಟೆಲ್ ಅವರ ಥರದ ಬಾಳು ಬಾಳಬೇಕಿದ್ದವರು ಕಂಪ್ಯೂಟರಿನ ಮುಂದೆ ಕೂತರು. ರಾಶಿ ಕಡತಗಳಿಂದ ಬೇಕಾದ್ದನ್ನು ಸೋಸಿ ವರದಿ ತೆಗೆಯುವ ನೀರಸ ಕೆಲಸಕ್ಕೆಂದು ಒಂದು ಭಾಷೆ ಮಾಡಿಕೊಂಡರು. 1987ರ ಡಿಸೆಂಬರ್ 18ರಂದು ಅದನ್ನು ಊರಿಗೆಲ್ಲ ಹಂಚಿದರು. 1994ರ ಅಕ್ಟೋಬರ್‌ನಲ್ಲಿ ಐದನೇ ಆವೃತ್ತಿ ಬರುವ ಹೊತ್ತಿಗೆ ವೆಬ್ ಕಣ್ಣು ಬಿಡುತ್ತಿತ್ತು. ಅಮೆಜಾನ್, ಸಿನಿಮಾ ಮಾಹಿತಿಯ ಐಎಂಡಿಬಿ, ಇನ್ನೂ ಎಷ್ಟೋ ತಾಣಗಳ ಒಳಗಿನ ಹೊಲಿಗೆ ಪರ್ಲ್‌ನದು. ಇಂಟರ್‌ನೆಟ್ಟಿನ ಗಮ್ ಟೇಪು ಎಂದು ಅಡ್ಡಹೆಸರೇ ಬಿತ್ತು.

ಇದಕ್ಕೆಲ್ಲ ಸಂಬಳ ಕೊಡುತ್ತಿದ್ದವರು ಯಾರು? ಲ್ಯಾರಿಗೆ ಕೆಲವು ವರ್ಷ ಒರೈಲಿ ಪ್ರಕಾಶನ ಕೊಟ್ಟಿತು. ಮುಖಪುಟದಲ್ಲಿ ಒಂಟೆ ಇರುವ ಪರ್ಲ್ ಪುಸ್ತಕ ಅವರಿಗೆ ಚೆನ್ನಾಗಿ ಮಾರಾಟವಾಗುತ್ತಿತ್ತು. ಉಳಿದವರದ್ದು ಆಫೀಸು ಮುಗಿಸಿ ಬಂದು, ಊಟವಾದ ಮೇಲಿನ ಚಾಕರಿ. ಮೂಲ ಕೋಡಿಗೆ ಕೈ ಹಾಕುವ ಸರದಿ ಯಾರದೋ ಅವರ ಹತ್ತಿರ ‘ಕುಂಬಳಕಾಯಿ’ ಇದೆ ಎನ್ನುವುದು ಅವರ ಪರಿಭಾಷೆ. ಹಿಂದೆ ಒಂದು ಆಫೀಸಿನಲ್ಲಿ ಸರದಿ ಗೊತ್ತಾಗಲೆಂದು ಬಟ್ಟೆಯ ಕುಂಬಳಕಾಯಿ ಗೊಂಬೆಯೊಂದನ್ನು ಮೇಜಿನಿಂದ ಮೇಜಿಗೆ ಸಾಗಿಸುತ್ತಿದ್ದರಂತೆ, ಆ ಮಾತು ಇಲ್ಲಿಗೂ ಬಂತು. ನಮ್ಮ ಗಾದೆಯಲ್ಲಿ ಕುಂಬಳಕಾಯಿ ಎಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಅಲ್ಲಿ ಹೆಗಲು ಕೊಡುವವರು ಬೇಕಿತ್ತು, ಆ ಹೆಗಲುಗಳು ಸೋತಿದ್ದವು. ಆರ್ವಂಟ್ ಮಗ್ ಎಸೆದದ್ದರ ಹಿಂದೆ ಇದೂ ಇತ್ತು ಎಂದು ನನ್ನ ಊಹೆ.

ಘೋಷಣೆಯಾದ ಮೇಲೆ ಯಾರಿಗೆ ಏನು ಬೇಕೋ ಬರೆದು ಕಳಿಸಿ ಎಂದು ಕರೆ ಹೋಯಿತು. ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಕೊನೆಯವರೆಗೆ ಗಡುವು. ಒಂದಿಪ್ಪತ್ತು ಸಲಹೆ ಬಂದಾವು ಎಂದುಕೊಂಡಿದ್ದ ಲ್ಯಾರಿಯ ಮುಂದೆ 361 ಬಂದು ಬಿದ್ದವು. ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ಬೇಡ. ಮೇಲೊಂದು ಕೆಳಗೊಂದು ಇರುವ ಎರಡು ಚುಕ್ಕಿಯ ಕೋಲನ್ ಚಿಹ್ನೆ ತನ್ನ ಪ್ರಸ್ತಾವಕ್ಕೇ ಬೇಕೆಂದು ಎಲ್ಲರದೂ ಹಟ. ಭಾಷೆಯ ಮರುರಚನೆಯ ಮೊದಲ ನಿಯಮವೇ ಇದು, ಎಲ್ಲರಿಗೂ ಕೋಲನ್ ಬೇಕು, ಎಂದು ಲ್ಯಾರಿ ತಮಾಷೆ ಮಾಡಿದರು. ಎರಡನೇ ನಿಯಮವನ್ನೂ ಅವರೇ ಸೇರಿಸಿದರು: ಕೋಲನ್ ಸಿಗುವುದು ಲ್ಯಾರಿಗೆ.

ಮನೆ ಕಟ್ಟಿಸಿದವರಿಗೆ ಈ ದೃಶ್ಯ ಹೊಸದಲ್ಲ. ಬಂದ ನೆಂಟರೆಲ್ಲ ಕಿಟಕಿ ಇಲ್ಲಿ ಬರಲಿ, ಮೆಟ್ಟಿಲು ಅಲ್ಲಿ ಬರಲಿ ಎನ್ನುತ್ತಾರೆ; ಸಿಮೆಂಟಿನ ಬಿಲ್ಲು ಯಾರ ಹೆಸರಿಗೆ ಎಂದು ಕೇಳುವವರಿಲ್ಲ. ‘ಇಷ್ಟು ಜನ ಕೂತರೆ ಇಷ್ಟು ತಿಂಗಳು, ಇಷ್ಟು ಡಾಲರು’ ಎಂಬ ಎಸ್ಟಿಮೇಟು ಆ ರಾಶಿಯ ತಳಪಾಯವಾಗಬೇಕಿತ್ತು. ಆಗಲಿಲ್ಲ.

ಲ್ಯಾರಿ ಅಷ್ಟನ್ನೂ ಓದಲು ಕೂತರು. ಒಂಟೆ ಪುಸ್ತಕದ ಅಧ್ಯಾಯಗಳ ಕ್ರಮದಲ್ಲೇ ಒಂದೊಂದು ವಿಷಯ ತೆಗೆದುಕೊಂಡು ತೀರ್ಪು ಬರೆದರು. ಈ ತೀರ್ಪುಗಳಿಗೆ ಇಟ್ಟ ಹೆಸರು ‘ಅಪೊಕ್ಯಾಲಿಪ್ಸ್’; ಮುಚ್ಚಿದ್ದನ್ನು ತೆರೆದು ತೋರಿಸುವುದು ಎಂಬುದು ಆ ಗ್ರೀಕ್ ಪದದ ಮೂಲ ಅರ್ಥ. ಮೊದಲನೆಯದು 2001ರ ಏಪ್ರಿಲ್‌ನಲ್ಲಿ ಹೊರಬಂತು. ಓದಿದವರಿಗೆ ಅರ್ಥವಾಗಲೆಂದು ಮೆಲ್ಬರ್ನ್‌ನ ಡೇಮಿಯನ್ ಕಾನ್ವೇ ಅದರ ಮೇಲೆ ವ್ಯಾಖ್ಯಾನ ಬರೆದರು. ಮುಂದೆ ಎರಡನ್ನೂ ಅಡಕ ಮಾಡಿ ಸಾರಾಂಶಗಳು ಬಂದವು. ಮೂಲ, ಟೀಕು, ಸಂಗ್ರಹ: ಹಳಗನ್ನಡ ಕಾವ್ಯಕ್ಕೆ ಇರುವ ಪರಿವಾರವೆಲ್ಲ ಇದಕ್ಕೂ ಸೇರಿಕೊಂಡಿತು. ಕಂಪ್ಯೂಟರಿನಲ್ಲಿ ಓಡುವ ಪರ್ಲ್ 6 ಮಾತ್ರ ಎಲ್ಲೂ ಇರಲಿಲ್ಲ.

ಹಣದ ಕಥೆ ಶುರುವಾಗುವುದೂ ಇಲ್ಲಿಂದಲೇ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಕೆವಿನ್ ಲೆಂಜೊ 1999ರಲ್ಲಿ, ದುಬಾರಿ ಸಮ್ಮೇಳನಗಳಿಗೆ ಹೋಗಲಾಗದವರಿಗೆಂದು ಕೈಗೆಟುಕುವ ಬೆಲೆಯ ಪರ್ಲ್ ಸಮ್ಮೇಳನ ನಡೆಸಿದರು. ಅದರ ಹೆಸರೇ ‘ಯೆಟ್ ಅನದರ್ ಪರ್ಲ್ ಕಾನ್ಫರೆನ್ಸ್’, ಇದೂ ಒಂದು ಸಮ್ಮೇಳನ ಎಂಬ ಧಾಟಿಯಲ್ಲಿ. ಅದಕ್ಕೆ ಬೆನ್ನಾಗಿ ‘ಯೆಟ್ ಅನದರ್ ಸೊಸೈಟಿ’ ಎಂಬ ಲಾಭರಹಿತ ಸಂಸ್ಥೆ ಎದ್ದಿತು. ದೇಣಿಗೆ ಕೊಟ್ಟವರಿಗೆ ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ. ಮುಂದೆ ಪರ್ಲ್ ಫೌಂಡೇಶನ್ ಎಂದು ಹೆಸರಾದದ್ದು ಇದೇ.

2001ರಲ್ಲಿ ಈ ಸಂಸ್ಥೆ ಒಂದು ಸರಳವಾದ, ಅದಕ್ಕೆ ಮೊದಲು ಈ ಬಳಗದಲ್ಲಿ ಯಾರೂ ಮಾಡಿರದ ಕೆಲಸ ಮಾಡಿತು. ಕಂಪನಿಗಳಿಂದ, ಬಿಡಿ ಬಳಕೆದಾರರಿಂದ ಚಂದಾ ಎತ್ತಿ, ಡೇಮಿಯನ್ ಕಾನ್ವೇ ಅವರ ಒಂದು ವರ್ಷವನ್ನು ಕೊಂಡಿತು. ಮೊನಾಶ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದ ಅವರು ಪಾಠ ಬಿಟ್ಟು ಪರ್ಲ್‌ಗೇ ಕೂತರು. ಊರೂರು ಸುತ್ತಿ ಉಪನ್ಯಾಸ ಕೊಟ್ಟರು, ಲ್ಯಾರಿಯ ಜೊತೆ ಭಾಷೆಯ ವಿನ್ಯಾಸ ಮಾಡಿದರು. ಮರುವರ್ಷದ ಅನುದಾನದ ಪಟ್ಟಿಗೆ ಲ್ಯಾರಿ ಮತ್ತು ಡ್ಯಾನ್ ಸುಗಾಲ್‌ಸ್ಕಿ ಅವರ ಹೆಸರೂ ಸೇರಿತು.

ಕಾನ್ವೇ ಪ್ರತಿಭೆಯ ಬಗ್ಗೆ ಯಾರ ತಕರಾರೂ ಇಲ್ಲ. ಅವರ ಉಪನ್ಯಾಸ ಕೇಳಿದವರು ಮರೆಯುವುದಿಲ್ಲ. ಆದರೂ ಮೊದಲ ಚೀಲ ಬಿಚ್ಚಿದ್ದು ವಿನ್ಯಾಸಕ್ಕೆ ಎಂಬುದನ್ನು ಗಮನಿಸಬೇಕು. ಯೋಜನೆ ಹಾಕುವವರಿಗೆ ಸಂಬಳ ಕೊಟ್ಟರೆ ಯೋಜನೆ ಬೆಳೆಯುತ್ತದೆ. ಬೆಳೆಯಿತು ಕೂಡ.

ಸುಗಾಲ್‌ಸ್ಕಿ ಕಟ್ಟುತ್ತಿದ್ದದ್ದು ಪ್ಯಾರಟ್ ಎಂಬ ಯಂತ್ರವನ್ನು, ಕಬ್ಬಿಣದ್ದಲ್ಲ, ತಂತ್ರಾಂಶದ್ದು. ಅದರ ಹೆಸರು ಹುಟ್ಟಿದ್ದು ಏಪ್ರಿಲ್ ಫೂಲ್ ತಮಾಷೆಯಿಂದ: ಪರ್ಲ್ ಮತ್ತು ಪೈಥಾನ್ ಒಂದಾಗಿ ಪ್ಯಾರಟ್ ಎಂಬ ಹೊಸ ಭಾಷೆಯಾಗಲಿವೆ ಎಂದು 2001ರಲ್ಲಿ ಸೈಮನ್ ಕೋಜೆನ್ಸ್ ಸುಳ್ಳು ಸುದ್ದಿ ಹಬ್ಬಿಸಿದ್ದರು. ತಮಾಷೆಯನ್ನು ನಿಜವಾಗಿಸಲು ಹೊರಟವರಂತೆ ಇವರು ಪರ್ಲ್ ಒಂದನ್ನೇ ಏಕೆ, ಎಲ್ಲ ಭಾಷೆಗಳನ್ನೂ ಓಡಿಸುವ ಯಂತ್ರ ಕಟ್ಟೋಣ ಎಂದರು. ಊರಿನ ಎಣ್ಣೆಕಾಳಿಗೆಲ್ಲ ಒಂದೇ ಗಾಣ. ನಂಬಿಕೆ ಎಷ್ಟಿತ್ತೆಂದರೆ, ಪ್ಯಾರಟ್ ಮೇಲೆ ಪೈಥಾನ್ ಇನ್ನೂ ಬೇಗ ಓಡುತ್ತದೆ ಎಂದು ಸುಗಾಲ್‌ಸ್ಕಿ 2003ರಲ್ಲಿ ಪೈಥಾನ್ ಜನಕ ಗೀಡೊ ವ್ಯಾನ್ ರಾಸಮ್ ಅವರೊಡನೆ ಪಂಥ ಕಟ್ಟಿದರು. ಸೋತವರ ಮುಖಕ್ಕೆ ಕೆನೆ ತುಂಬಿದ ಪೈ. 2004ರಲ್ಲಿ ಸುಗಾಲ್‌ಸ್ಕಿ ಸೋತರು. ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನ ಮುಂದೆ ಈ ಗಾಣಕ್ಕೆ ಹಣ ಕೊಟ್ಟಿತು. ಪ್ಯಾರಟ್ 1.0 ಬಂದದ್ದು 2009ರ ಮಾರ್ಚ್‌ನಲ್ಲಿ. ಯಾರಿಗಾಗಿ ಕಟ್ಟಿದರೋ ಆ ಪರ್ಲ್ 6 ಕೊನೆಗೆ ಅದನ್ನು ಬಿಟ್ಟು ಬೇರೆ ಯಂತ್ರ ಮಾಡಿಕೊಂಡಿತು.

ಈ ಎಲ್ಲ ಭಾರದ ನಡುವೆ, 2005ರ ಫೆಬ್ರುವರಿ 1ರಂದು, ಯಾರೂ ಹೇಳಿರದ, ಯಾರೂ ಹಣ ಕೊಟ್ಟಿರದ ಒಂದು ಕೆಲಸ ತೈವಾನಿನಲ್ಲಿ ಶುರುವಾಯಿತು. ಆಡ್ರಿ ಟ್ಯಾಂಗ್ ಅವರಿಗೆ ಆಗ 23 ವರ್ಷ. ಪ್ರೋಗ್ರಾಮಿಂಗ್ ಭಾಷೆಗಳ ಸಿದ್ಧಾಂತದ ಪುಸ್ತಕವೊಂದನ್ನು ಓದುತ್ತಿದ್ದವರು, ಓದಿದ್ದು ಕೈಗೆ ಹತ್ತಲಿ ಎಂದು ಹ್ಯಾಸ್ಕೆಲ್ ಭಾಷೆಯಲ್ಲಿ ಪರ್ಲ್ 6 ಅನ್ನು ಬರೆಯತೊಡಗಿದರು. ಹೆಸರು ಪಗ್ಸ್. ವರ್ಷಗಟ್ಟಲೆ ಕಾಗದದ ಮೇಲೇ ಇದ್ದ ಭಾಷೆ ಕೆಲವೇ ವಾರಗಳಲ್ಲಿ ತೆರೆಯ ಮೇಲೆ ಉತ್ತರ ಕೊಡಲು ಶುರುಮಾಡಿತು.

ಟ್ಯಾಂಗ್ ಅವರ ಯೋಜನಾ ಪದ್ಧತಿ ಮಾಂಟೆರೆಯ ಸಭೆಗೆ ತದ್ವಿರುದ್ಧ. ನಿಯಮಾವಳಿ ಇಲ್ಲ, ಕುಂಬಳಕಾಯಿಯೂ ಇಲ್ಲ. ಯಾರಾದರೂ ಬಂದು ಇಲ್ಲಿ ತಪ್ಪಿದೆ ಎಂದರೆ, ತಗೊಳ್ಳಿ ಕೀಲಿಕೈ, ನೀವೇ ತಿದ್ದಿ ಎಂದು ಕೋಡಿನ ಬೀಗವನ್ನೇ ಅವರ ಕೈಗೆ ಕೊಡುತ್ತಿದ್ದರು. ಮೊದಲ ಷರತ್ತು ಮಜಾ. ಕೋಡು ಬರೆಯಲು ಬಾರದವರು ಪರೀಕ್ಷೆಗಳನ್ನು ಬರೆದರು: ಹೀಗೆ ಕೇಳಿದರೆ ಹೀಗೆ ಉತ್ತರ ಬರಬೇಕು ಎಂಬ ಪುಟ್ಟ ಪುಟ್ಟ ತುಣುಕುಗಳು. ಒಂದೆರಡು ವರ್ಷದಲ್ಲಿ ಪಗ್ಸ್ ತಣ್ಣಗಾಯಿತು. ಟ್ಯಾಂಗ್ ಬೇರೆ ದಾರಿ ಹಿಡಿದು 2016ರಲ್ಲಿ ತೈವಾನ್ ಸರ್ಕಾರದ ಡಿಜಿಟಲ್ ಸಚಿವರೂ ಆದರು. ಆ ಪರೀಕ್ಷೆಗಳು ಮಾತ್ರ ಉಳಿದವು. ಇಂದು ಆ ಭಾಷೆ ಯಾವುದು ಎಂದು ಕೇಳಿದರೆ ಅಧಿಕೃತ ಉತ್ತರ ‘ಈ ಪರೀಕ್ಷೆಗಳಲ್ಲಿ ಪಾಸಾಗುವುದೇ ಆ ಭಾಷೆ’ ಎಂದು. ದುಡ್ಡು ಕೊಟ್ಟು ಬರೆಸಿದ ವಿನ್ಯಾಸಕ್ಕಿಂತ ಪುಕ್ಕಟೆ ಬಂದ ಪರೀಕ್ಷೆಗಳೇ ಶಾಸನವಾದವು. ಆದರೆ ಮಜಾ ಎಂಬ ಇಂಧನ ಒಂದೂವರೆ ಎರಡು ವರ್ಷಕ್ಕೆ ಸಾಕು, ಹದಿನೈದಕ್ಕೆ ಸಾಲದು.

ಟೆಕ್ಸಸ್‌ನ ಪ್ಯಾಟ್ರಿಕ್ ಮಿಶೊ ಈ ಹೊತ್ತಿಗೆ ಪ್ಯಾರಟ್ ಮೇಲೆ ಇನ್ನೊಂದು ರೂಪ ಕಟ್ಟುತ್ತಿದ್ದರು. ಅದರ ಹೆಸರು ರಾಕುಡೊ: ಜಪಾನಿಯಲ್ಲಿ ಒಂಟೆಯ ದಾರಿ ಎಂಬ ಮಾತಿನ ಮೊಟಕು. 2008ರ ಮೇ ತಿಂಗಳಲ್ಲಿ ಇಯನ್ ಹೇಗ್ ಎಂಬ ಹೂಡಿಕೆದಾರರು ಪರ್ಲ್ ಫೌಂಡೇಶನ್‌ಗೆ 2,00,000 ಡಾಲರ್ ಕೊಟ್ಟರು. ಸುಮಾರು ಅರ್ಧ ಪರ್ಲ್ 6 ಬರೆಯುವವರಿಗೆ, ಉಳಿದದ್ದು ಸಂಸ್ಥೆ ತನ್ನನ್ನು ತಾನು ಗಟ್ಟಿ ಮಾಡಿಕೊಳ್ಳಲಿಕ್ಕೆ. ಸಿಲಿಕಾನ್ ಕಣಿವೆಯ ಲೆಕ್ಕದಲ್ಲಿ ಇದು ಇಬ್ಬರು ಎಂಜಿನಿಯರುಗಳ ಒಂದು ವರ್ಷದ ಸಂಬಳವೂ ಆಗದಿರಬಹುದು. ಇಲ್ಲಿ ಅದನ್ನು ತುಂಡು ತುಂಡು ಮಾಡಿ, ಗೊತ್ತಾದ ಒಂದೊಂದು ಕೆಲಸಕ್ಕೆ ಒಂದೊಂದು ಅನುದಾನವಾಗಿ ಕೊಟ್ಟರು. ಜೊನಾಥನ್ ವರ್ದಿಂಗ್ಟನ್ ಎಂಬ ಬ್ರಿಟಿಷ್ ಯುವಕ ಹೀಗೆ ಒಂದರ ಹಿಂದೆ ಒಂದು ತುಂಡು ಮುಗಿಸುತ್ತಾ ಹೋದರು. 2013ರಲ್ಲಿ ಮೋರ್‌ವಿಎಂ ಎಂಬ ಹೊಸ ಯಂತ್ರವನ್ನು ಹೊರತಂದದ್ದು ಇವರು ಮತ್ತು ಗೆಳೆಯರು.

ಇತ್ತ ಪರ್ಲ್ 5 ಏನಾಯಿತು? ಜಗತ್ತು ನಿಜಕ್ಕೂ ಬಳಸುತ್ತಿದ್ದದ್ದು ಅದನ್ನು. ಆರು ಬರುತ್ತದಂತೆ ಎಂಬ ಮಾತಿನ ನೆರಳಲ್ಲಿ ಐದು ಬಾಡಿತು. 2002ರಲ್ಲಿ 5.8 ಬಂದ ಮೇಲೆ 5.10 ಬರಲು 2007ರ ಡಿಸೆಂಬರ್ ಆಯಿತು. ಮದುವೆ ಗೊತ್ತಾಗಿದೆ, ಹೊಸ ಮನೆ ಕಟ್ಟಿಸುತ್ತಾರಂತೆ ಎಂದು ಹಳೆ ಮನೆಗೆ ಸುಣ್ಣ ಹೊಡೆಯುವುದನ್ನೂ ಬಿಟ್ಟಂತೆ.

ಹಳೆ ಮನೆಯನ್ನು ಉಳಿಸಿದ ರೀತಿ ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ; ಅದರಲ್ಲಿ ನಾಟಕವೇ ಇಲ್ಲ. 2010ರಲ್ಲಿ ಡೇವ್ ಮಿಚೆಲ್ ಅವರಿಗೆ ಫೌಂಡೇಶನ್ ಒಂದು ಅನುದಾನ ಕೊಟ್ಟಿತು: ಗಂಟೆಗೆ 50 ಡಾಲರ್, 500 ಗಂಟೆ, ಒಟ್ಟು 25,000. ಹೊಸದೇನೂ ಮಾಡಬೇಕಿಲ್ಲ, ಯಾರಿಗೂ ಬೇಡವಾದ, ಬಿಡಿಸಲು ವಾರಗಟ್ಟಲೆ ಹಿಡಿಯುವ ಹಳೆಯ ದೋಷಗಳನ್ನು ತೆಗೆಯಬೇಕು. ಮಿಚೆಲ್ ಮಾಡಿದ್ದೂ ಅಷ್ಟೇ. ಈ ದೋಷಕ್ಕೆ ಇಷ್ಟು ಗಂಟೆ, ಆ ದೋಷಕ್ಕೆ ಇಷ್ಟು ಎಂದು ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ ಪಟ್ಟಿ ಬರೆದು ಒಪ್ಪಿಸಿದರು. ಅವಧಿ ಮುಗಿಯಿತು, ಮತ್ತೆ ಕೊಟ್ಟರು. ಮತ್ತೆ ಮುಗಿಯಿತು, ಮತ್ತೆ ಕೊಟ್ಟರು. ಈ ಬಗೆಯ ಕೆಲಸಕ್ಕೆ ಹಣ ಬೇಡುವುದು ಸುಲಭ, ಏಕೆಂದರೆ ಕೊಡುವವರಿಗೆ ತಾವು ಕೊಂಡದ್ದು ಏನೆಂದು ಗೊತ್ತಾಗುತ್ತದೆ. ಪರ್ಲ್ ಮೇಲೇ ವ್ಯಾಪಾರ ಕಟ್ಟಿದ್ದ ಆಮ್‌ಸ್ಟರ್‌ಡ್ಯಾಮ್‌ನ ಬುಕಿಂಗ್ ಡಾಟ್ ಕಾಮ್ 2011ರಲ್ಲಿ 1,00,000 ಯೂರೊ ಕೊಟ್ಟಿತು. ಮರುವರ್ಷ ಕ್ರೇಗ್ಸ್‌ಲಿಸ್ಟ್‌ನ ದತ್ತಿನಿಧಿಯಿಂದ 1,00,000 ಡಾಲರ್ ಬಂತು.

ಆರನೆಯದು ಅಷ್ಟು ಹೊತ್ತಿಗೆ ಗೇಲಿಯ ವಸ್ತುವಾಗಿತ್ತು. 2010ರ ಜುಲೈನಲ್ಲಿ ‘ರಾಕುಡೊ ಸ್ಟಾರ್’ ಎಂದು ಒಂದು ರೂಪ ಕೊಟ್ಟರು, ಅದು ಪೂರ್ಣ ಅಲ್ಲ ಎಂದು ಅವರೇ ಹೇಳಿದರು. ಯಾವಾಗ ಬರುತ್ತದೆ ಎಂದು ಕೇಳಿದವರಿಗೆ ಸಿಗುತ್ತಿದ್ದ ಉತ್ತರ: ಕ್ರಿಸ್‌ಮಸ್‌ಗೆ. ಯಾವ ವರ್ಷದ್ದು ಎಂದು ಹೇಳುತ್ತಿರಲಿಲ್ಲ. ಆದ್ದರಿಂದ 2015ರ ಫೆಬ್ರುವರಿಯಲ್ಲಿ ಬ್ರಸೆಲ್ಸ್‌ನ ಸಭೆಯಲ್ಲಿ ಲ್ಯಾರಿ ಎದ್ದು, ಇದೇ ವರ್ಷದ ಕ್ರಿಸ್‌ಮಸ್ ಎಂದಾಗ ನಗಬೇಕೋ ನಂಬಬೇಕೋ ಜನಕ್ಕೆ ತಿಳಿಯಲಿಲ್ಲ. ಬಾಕಿ ಇರುವುದು ಮೂರೇ ದೊಡ್ಡ ಕೆಲಸ ಎಂದೂ ಪಟ್ಟಿ ಕೊಟ್ಟರು. 361ರಿಂದ ಮೂರಕ್ಕೆ ಇಳಿದಿತ್ತು ಲೆಕ್ಕ. ಎಸ್ಟಿಮೇಟು ಎಂಬುದು ಕೊನೆಗೂ ಬಂತು.

ಆ ಮೂರರಲ್ಲಿ ಒಂದು ಕನ್ನಡದವರಿಗೂ ಸಂಬಂಧಪಟ್ಟದ್ದು. ‘ಕಾವೇರಿ’ ಎಂದು ಬರೆದು, ಇದರಲ್ಲಿ ಎಷ್ಟು ಅಕ್ಷರ ಎಂದು ಪೈಥಾನನ್ನು ಕೇಳಿದರೆ ಆರು ಎನ್ನುತ್ತದೆ: ಕ, ದೀರ್ಘದ ಚಿಹ್ನೆ, ವ, ಏತ್ವ, ರ, ಗುಡಿಸು. ಒಂದನೇ ಕ್ಲಾಸಿನ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ. ಪರ್ಲ್ 6 ಮಗುವಿನ ಪಕ್ಷ ವಹಿಸಿತು. ‘ಕಾ’ ಎಂಬುದಕ್ಕೆ ಯುನಿಕೋಡ್‌ನಲ್ಲಿ ಸ್ವಂತದ ಸಂಖ್ಯೆ ಇಲ್ಲ, ಎರಡು ಸಂಖ್ಯೆ ಸೇರಿ ಆಗುವುದು ಅದು. ಹಾಗಿದ್ದಾಗ ಮೋರ್‌ವಿಎಂ ಸ್ಥಳದಲ್ಲೇ ಒಂದು ಹೊಸ ಸಂಖ್ಯೆ, ಅದೂ ಸೊನ್ನೆಯ ಕೆಳಗಿನ ಋಣ ಸಂಖ್ಯೆ, ಹಚ್ಚಿ ಅದನ್ನು ಒಂದೇ ಅಕ್ಷರವಾಗಿ ಎಣಿಸುತ್ತದೆ. ವರ್ದಿಂಗ್ಟನ್ ಆ ವರ್ಷ ಕೂತು ಬರೆದದ್ದು ಇದನ್ನು. ಒತ್ತಕ್ಷರಕ್ಕೆ ಬಂದರೆ ಅದೂ ಎಡವುತ್ತಿತ್ತು. ಯುನಿಕೋಡ್‌ನ ಆಗಿನ ನಿಯಮದಂತೆ ‘ಕರ್ನಾಟಕ’ಕ್ಕೆ ಐದು ಎನ್ನುತ್ತಿತ್ತು, ನಾವು ನಾಲ್ಕು ಎನ್ನುವೆಡೆ. ಆದರೂ ಲಿಪಿಯಿಲ್ಲದ ಭಾಷೆ ಹುಡುಕಿ ಹೊರಟಿದ್ದ ಮನುಷ್ಯನ ಭಾಷೆಯಲ್ಲಿ ಕಾಗುಣಿತದ ಮರ್ಯಾದೆ ಉಳಿಯಿತು.

ಡಿಸೆಂಬರ್ 25ರಂದು ಪರ್ಲ್ 6 ಹೊರಬಂತು. ಆವೃತ್ತಿಯ ಹೆಸರು 6.ಸಿ, ಆ ‘ಸಿ’ ಕ್ರಿಸ್‌ಮಸ್‌ನ ಇಂಗ್ಲಿಷ್ ಮೊದಲಕ್ಷರ. ಭಾಷೆ ಚೆಂದ, ಓಟ ನಿಧಾನ. 2000ದಲ್ಲಿ ಹುರುಪಿನಿಂದ ಕಾಯುತ್ತಿದ್ದವರಲ್ಲಿ ಬಹಳಷ್ಟು ಜನ ಆಗಲೇ ಪೈಥಾನ್, ರೂಬಿ ಎಂದು ಬೇರೆ ಬೇರೆ ಕಡೆ ಸಂಸಾರ ಹೂಡಿದ್ದರು. ಹಳೆಯ ಪರ್ಲ್ ಪ್ರೋಗ್ರಾಮುಗಳು ಇದರಲ್ಲಿ ಹಾಗೇ ಓಡುವುದಿಲ್ಲ, ಹೆಸರೊಂದೇ ಸಾಮಾನ್ಯ. ಆ ಹೆಸರಿನ ಜಗಳ ಇನ್ನೂ ನಾಲ್ಕು ವರ್ಷ ನಡೆಯಿತು. ಐದರವರಿಗೆ ತಮ್ಮ ಭಾಷೆ ಸತ್ತಿದೆ ಎಂದು ಜನ ತಿಳಿಯುತ್ತಾರೆಂಬ ಸಿಟ್ಟು, ಆರರವರಿಗೆ ತಮ್ಮದು ಹಳೆಯದರ ಬಾಲ ಎನ್ನುತ್ತಾರೆಂಬ ಸಿಟ್ಟು. 2019ರ ಅಕ್ಟೋಬರ್‌ನಲ್ಲಿ ಆರನೆಯದಕ್ಕೆ ರಾಕು ಎಂದು ನಾಮಕರಣವಾಯಿತು. ಲ್ಯಾರಿ ಒಪ್ಪಿಗೆ ಕೊಡುತ್ತಾ ಬೈಬಲಿನ ಒಂದು ಸಾಮತಿ ನೆನಪಿಸಿದರು: ಹಳೆ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬಾರದು ಎಂಬ ಅರ್ಥದ್ದು. ತೇಪೆ ಎಂಬ ಅರ್ಥದ ‘ಪ್ಯಾಚ್’ ಹೆಸರಿನ ತಂತ್ರಾಂಶವನ್ನು 1985ರಲ್ಲಿ ಬರೆದು, ಜಗತ್ತಿನ ಪ್ರೋಗ್ರಾಮರುಗಳಿಗೆಲ್ಲ ತೇಪೆ ಹಾಕಲು ಕಲಿಸಿದವರು ಅವರೇ.

ಫೌಂಡೇಶನ್ನಿನ ಹೆಸರು ಈಗ ಪರ್ಲ್ ಮತ್ತು ರಾಕು ಫೌಂಡೇಶನ್. ಮನೆ ಎರಡಾದರೂ ರಶೀದಿ ಪುಸ್ತಕ ಒಂದೇ. ಆರು ಎಂಬ ಅಂಕಿ ಯಾರಿಗೂ ಬೇಡವಾಗಿ ನಡುವೆ ಖಾಲಿ ಬಿದ್ದಿತು. ಅದನ್ನು ದಾಟಿ ನೇರ ಪರ್ಲ್ 7 ಎನ್ನೋಣ ಎಂದು 2020ರಲ್ಲಿ ಒಮ್ಮೆ ಘೋಷಿಸಿದರು. ಮತ್ತೆ ಚರ್ಚೆ, ಮತ್ತೆ ಮನಸ್ತಾಪ, ಅದನ್ನೂ ಕೈಬಿಟ್ಟರು. 2025ರ ಜುಲೈನಲ್ಲಿ ಬಂದ ಪರ್ಲ್‌ನ ಸಂಖ್ಯೆ 5.42.